ಕೂಡುಕಾಳಿನ ನಾಲ್ಕು ಇಂಚು

ಹಾಲು ಉಕ್ಕಲೇ ಇಲ್ಲ.

ಬಿಳಿ ನೊರೆ ಪಾತ್ರೆಯ ಅಂಚಿನವರೆಗೆ ಗುಳುಗುಳು ಎಂದು ಏರಿತು. ಇನ್ನೇನು ಅಂಚು ದಾಟಬೇಕು, ಅಷ್ಟರಲ್ಲಿ ಯಾರೋ ಗದರಿಸಿದ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಇದು ನಾಲ್ಕನೆಯ ಸಲ.

"ಇಂಚರಾ," ಎಂದರು ಚೈತ್ರಜ್ಜಿ, ಸೊಂಟದ ಮೇಲೆ ಕೈಯಿಟ್ಟು, ಒಂದು ಹುಬ್ಬು ಮೇಲೇರಿಸಿ. "ನಿನ್ ಒಲೆಗೆ ಹೇಳ್ಬುಡು. ಹಾಲು ಉಕ್ಕೋವರ್ಗೂ ಈ ಚೈತ್ರ ಇಲ್ಲಿಂದ ಕದಲೋಳಲ್ಲ. ಇವತ್ತು ಒಂದೋ ಅದು, ಇಲ್ಲಾ ನಾನು! ಢಣ್ ಢಣ್!"

ಎಪ್ಪತ್ತಮೂರರ ಅಜ್ಜಿ ಮಾತಾಡುವುದೇ ಹೀಗೆ. ಅವರ ಹರೆಯದ ಸಿನಿಮಾಗಳಲ್ಲಿ ಹೀರೋ ನಿಧಾನವಾಗಿ ನಡೆದು ಬಂದು, ಕೂಲಿಂಗ್ ಗ್ಲಾಸ್ ತೆಗೆದು, ಆಮೇಲೆ ಬಾಯಿ ಬಿಡುತ್ತಿದ್ದನಂತೆ. ಅಜ್ಜಿಗೆ ಹಿನ್ನೆಲೆ ಸಂಗೀತ ಹಾಕುವವರು ಯಾರೂ ಇಲ್ಲದ್ದರಿಂದ ಅದನ್ನೂ ತಾವೇ ಹಾಕಿಕೊಳ್ಳುತ್ತಿದ್ದರು.

2061ನೇ ಇಸವಿ. ಮಂಡ್ಯದ ಗುತ್ತಲು ರಸ್ತೆಯ ಆ ಮನೆಯಲ್ಲಿ ಹಳೆಯ ಅಡುಗೆಮನೆಯನ್ನು ಒಡೆದು ಹೊಸದು ಕಟ್ಟುವ ಕೆಲಸ ನಡೆದಿತ್ತು. ಅಲ್ಲಿಯತನಕದ ತಾತ್ಕಾಲಿಕ ಅಡುಗೆಮನೆ ಕಾರ್ ಶೆಡ್ಡಿನಲ್ಲಿ. ಸ್ವಂತ ಕಾರು ಇಟ್ಟುಕೊಳ್ಳುವ ಕಾಲ ಮುಗಿದು ಹದಿನೈದು ವರ್ಷವಾಗಿತ್ತು. ಶೆಡ್ಡು ಖಾಲಿ ಬಿದ್ದಿತ್ತು. ಮೈಸೂರಿನ ಪ್ರಯೋಗಾಲಯದಿಂದ ಬಂದ ಮೊಮ್ಮಗಳು ಇಂಚರ, ಬೆಳಿಗ್ಗೆ ಅಲ್ಲಿ ಎರಡು ಮೂಟೆ ಕೂಡುಕಾಳು ಸುರಿದಿದ್ದಳು.

ಕೂಡುಕಾಳು ನೋಡಲು ಎಳ್ಳಿನಂತೆ. ಹೊರಗೆ ಪಿಂಗಾಣಿಯ ಸಿಪ್ಪೆ, ಒಳಗೆ ಚಿಟಿಕೆ ಅಯಸ್ಕಾಂತ, ಅದಕ್ಕಿಂತಲೂ ಚಿಕ್ಕದೊಂದು ಮಿದುಳು. ಒಂದೊಂದು ಕಾಳಿಗೂ ಗೊತ್ತಿರುವುದು ಮೂರೇ ಕೆಲಸ: ಪಕ್ಕದ ಕಾಳನ್ನು ಹಿಡಿ, ಬಿಡು, ಜರುಗು. ಆದರೆ ಇರುವೆಗಳು ಸೇರಿ ಹುತ್ತ ಕಟ್ಟುವಂತೆ, ಕೋಟಿಗಟ್ಟಲೆ ಕಾಳು ಸೇರಿ ಹತ್ತೇ ನಿಮಿಷದಲ್ಲಿ ಕಟ್ಟೆ, ಒಲೆ, ಸಿಂಕು, ಕಪಾಟು ಎಲ್ಲ ಎದ್ದು ನಿಂತಿದ್ದವು. ಅಷ್ಟೇ ಅಲ್ಲ, ಅಡುಗೆ ಮಾಡುವವರ ಕೈ ಎಲ್ಲಿಗೆ ಚಾಚುತ್ತದೆ, ಬೆನ್ನು ಎಷ್ಟು ಬಾಗುತ್ತದೆ ಎಂಬುದನ್ನು ಗಮನಿಸಿ, ಕೂದಲೆಳೆಯಷ್ಟೇ ಏರುತ್ತ ಇಳಿಯುತ್ತ ಅವು ಅವರ ಮೈಗೆ ಹೊಂದಿಕೊಳ್ಳುತ್ತಿದ್ದವು.

ಹಾಲು ಉಕ್ಕದಂತೆ ಕಾಯುವುದಂತೂ ಅವುಗಳ ಹೆಚ್ಚುಗಾರಿಕೆ. ನೊರೆ ಏರಿದೊಡನೆ ಪಾತ್ರೆಯ ಅಡಿಯಿಂದ ಜರುಗಿ ಕಾವು ತಗ್ಗಿಸುತ್ತಿದ್ದವು. ಪ್ರಯೋಗಾಲಯದಲ್ಲಿ ಆರುನೂರು ಸಲ ಕಾಯಿಸಿದ್ದರು, ಒಂದು ಹನಿಯೂ ಚೆಲ್ಲಿರಲಿಲ್ಲ. ಹೊಸ ಒಲೆಯಲ್ಲಿ ಮೊದಲ ದಿನ ಹಾಲು ಉಕ್ಕಲೇಬೇಕು ಎಂಬುದು ಮಾತ್ರ ಅಲ್ಲಿನ ಹನ್ನೊಂದು ವಿಜ್ಞಾನಿಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹನ್ನೊಂದು ಜನರೂ ತಮ್ಮ ತಮ್ಮ ಗೃಹಪ್ರವೇಶದಲ್ಲಿ ಪೂರ್ವಕ್ಕೆ ತಿರುಗಿ ಹಾಲು ಉಕ್ಕಿಸಿದವರೇ!

ಇಂಚರ ಕೈಯಲ್ಲಿದ್ದ ಫಲಕ ತೆರೆದು, ಕಾಳುಗಳಿಗೆ ಕೊಟ್ಟಿದ್ದ ಆದೇಶಗಳಲ್ಲಿ ಒಂದು ಸಾಲು ಅಳಿಸಿದಳು. ಹಾಲು ಭುಸ್ಸೆಂದು ಉಕ್ಕಿ ಕಟ್ಟೆಯ ತುಂಬ ಹರಿಯಿತು.

"ಶಾಟ್ ಓಕೆ!" ಎಂದು ಅಜ್ಜಿ ಚಪ್ಪಾಳೆ ತಟ್ಟಿದರು. "ಈಗ ಮುದ್ದೆಗೆ ಎಸರಿಡಣ."

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ತೊಂದರೆಯ ಹೆಸರು ಲೋಹಿತ್ ತಾತ. ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆದವರು, ನಿವೃತ್ತರಾದ ಮೇಲೂ ಜೇಬಿನಲ್ಲಿ ಲೇಸರ್ ಅಳತೆಕೋಲು ಇಟ್ಟುಕೊಂಡೇ ಓಡಾಡುವವರು. ಹೊಸ ಅಡುಗೆಮನೆಯ ನಕ್ಷೆ ಅವರದೇ. ಕಟ್ಟೆ ಮೊಣಕೈಗಿಂತ ಅಂಗೈಯಗಲ ಕೆಳಗಿರಬೇಕು ಎಂಬ ನಿಯಮ ಓದಿಕೊಂಡು, ಹಳೆಯ ಅಡುಗೆಮನೆ ಒಡೆಯುವ ಮುಂಚೆಯೇ, ಅಜ್ಜಿ ಮುದ್ದೆ ಕಟ್ಟುತ್ತ ನಿಂತಿದ್ದಾಗ ಅವರ ಮೊಣಕೈ ಎತ್ತರವನ್ನು ಮೂರು ಸಲ ಅಳೆದಿದ್ದರು. ಲೆಕ್ಕ ಬಂದದ್ದು ಮೂವತ್ತಾರು ಇಂಚು. ಹಳೆಯ ಕಟ್ಟೆಯೂ ಸರಿಯಾಗಿ ಅಷ್ಟೇ ಇತ್ತು.

"ನೋಡ್ದಾ, ಹಳೇದೇ ಸರಿಯಾಗಿತ್ತು," ಎಂದು ತಾತ ಬೀಗಿದ್ದರು. ಇಂಚರ ಅದೇ ಅಂಕಿಯನ್ನು ತನ್ನ ಪರೀಕ್ಷಾ ಪತ್ರದಲ್ಲಿ ಬರೆದುಕೊಂಡಿದ್ದಳು. ಹದಿನೈದು ದಿನದ ಬಳಕೆಯಲ್ಲಿ ಕೂಡುಕಾಳು ತಾನಾಗಿಯೇ ಆ ಎತ್ತರಕ್ಕೆ ಬಂದರೆ ಪಾಸು. ಅರ್ಧ ಇಂಚು ಆಚೆ ಈಚೆಯಾದರೂ ಫೇಲು. ಶನಿವಾರ ಪ್ರಯೋಗಾಲಯದ ಪರೀಕ್ಷಾ ಸಮಿತಿಯವರು ಬಂದು ನೋಡುವವರಿದ್ದರು. ಅವಳ ಐದು ವರ್ಷದ ದುಡಿಮೆ ಆ ಶೆಡ್ಡಿನಲ್ಲಿ ನಿಂತಿತ್ತು.

ಕೂಡುಕಾಳು ನಿಂತದ್ದು ಮೂವತ್ತೆರಡು ಇಂಚಿಗೆ.

ಇಂಚರ ಎಲ್ಲ ಕೆಡವಿ ಮತ್ತೆ ಸುರಿದಳು. ಎರಡು ದಿನದಲ್ಲಿ ಮತ್ತೆ ಮೂವತ್ತೆರಡು. ಮೂಟೆ ಬದಲಿಸಿದಳು. ಮೂವತ್ತೆರಡು. ಕಾಳುಗಳೆಲ್ಲ ಕೂಡಿ ಸಂಚು ಮಾಡಿದ ಹಾಗಿತ್ತು.

"ನನ್ ಲೇಸರ್ ಸುಳ್ ಹೇಳಲ್ಲ ಮಗ," ಎಂದರು ತಾತ, ಕಾಫಿ ಹೀರುತ್ತ. "ನಾಲ್ಕಿಂಚು! ಜಮೀನಾಗಿದ್ದಿದ್ರೆ ಇಷ್ಟಕ್ಕೇ ಎರಡು ತಲೆಮಾರು ಕೋರ್ಟಿಗೆ ಅಲೀತಿತ್ತು."

"ಅಜ್ಜಿ, ನೀನೇ ಹೇಳು. ಕಟ್ಟೆ ಎತ್ತರ ಸರಿ ಇದ್ಯಾ?"

"ಕಟ್ಟೆ ಅಂದ್ರೆ ಕಟ್ಟೆ ಕಣವ್ವ, ಅದ್ರಲ್ಲೇನ್ ನೋಡದು?" ಅಜ್ಜಿ ಒಗ್ಗರಣೆಗೆ ಸಾಸಿವೆ ಹಾಕಿದರು. "ಅದ್ ಬುಡು, ಆ ಹೊಸ ಎಣ್ಣೆ ಐತಲ್ಲ, ಏನ್ ಪವರ್ ಅಂತೀಯ! ಹತ್ತು ದಿನದಿಂದ ಮಂಡಿನೋವು ಪತ್ತೆ ಇಲ್ಲ. ಇನ್ನೆರಡು ಬಾಟ್ಲು ತರ್ಸು."

ಗುರುವಾರ ಸಂಜೆ ಮೇಸ್ತ್ರಿ ಇರ್ಫಾನ್ ಬಂದು, ನಾಳೆ ಕಟ್ಟೆ ಕಟ್ಟಿ ಗ್ರಾನೈಟ್ ಕೂರಿಸುವುದಾಗಿ ಹೇಳಿದ. "ಮೂವತ್ತಾರೇ ಅಲ್ವಾ ಸಾರ್? ಒಂದ್ಸಲ ಕೂತ್ರೆ ಮುಗೀತು, ಆಮೇಲೆ ಅಲ್ಲಾಡ್ಸಕ್ಕಾಗಲ್ಲ."

"ಮೂವತ್ತಾರೇ," ಎಂದರು ತಾತ. ಆಮೇಲೆ ಮೊಮ್ಮಗಳ ಸಪ್ಪೆ ಮುಖ ನೋಡಿ ದನಿ ತಗ್ಗಿಸಿದರು. "ಒಂದ್ ಮಾತು. ನೀನೇ ಅಪ್ಪಣೆ ಕೊಟ್ರೆ ಏರುತ್ತಲ್ವಾ ಅದು? ಏರ್ಸಿಬುಡು. ಯಾರಿಗ್ ಗೊತ್ತಾಗುತ್ತೆ?"

ಒಂದೇ ಸಾಲಿನ ಕೆಲಸ. ಇಂಚರ ಫಲಕ ಕೈಗೆತ್ತಿಕೊಂಡಳು. ಕಾಳಿನ ತಪ್ಪನ್ನು ತಿದ್ದುತ್ತಿದ್ದೇನೆ, ಕದಿಯುತ್ತಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬರೆದಳು: ಮೂವತ್ತಾರು. ಕಟ್ಟೆ ಸರಸರನೆ ನಾಲ್ಕು ಇಂಚು ಮೇಲೆದ್ದು ನಿಂತಿತು.

ಅಜ್ಜಿ ಸಾರಿಗೆ ಸೊಪ್ಪು ಹೆಚ್ಚಲು ಬಂದರು. ಚಾಕು ಹಿಡಿದರು, ತೋಳು ತುಸು ಅಗಲವಾಯಿತು, ಹೆಗಲು ಕಿವಿಯ ಕಡೆಗೆ ಏರಿತು. ಆಗ ಇಂಚರ ಒಂದು ವಿಚಿತ್ರ ಕಂಡಳು. ಅಜ್ಜಿಯ ಕೈ ಹೆಚ್ಚುತ್ತಿತ್ತು, ಬಾಯಿ ಯಾವುದೋ ಹಳೆಯ ಟ್ಯೂನು ಗುನುಗುತ್ತಿತ್ತು; ಆದರೆ ಬಲಗಾಲು ಮಾತ್ರ ತನ್ನ ಪಾಡಿಗೆ ನೆಲದ ಮೇಲೆ ಏನನ್ನೋ ತಡಕುತ್ತಿತ್ತು. ಹೆಬ್ಬೆರಳು ಎಡಕ್ಕೆ ಸವರಿತು, ಬಲಕ್ಕೆ ಸವರಿತು, ಕಟ್ಟೆಯ ಕೆಳಗೆ ಹೋಗಿ ಖಾಲಿ ಬಂತು.

"ಅಜ್ಜಿ, ಕಾಲಲ್ಲಿ ಏನ್ ಹುಡುಕ್ತಿದ್ದೀಯ?"

"ನಾನಾ?" ಅಜ್ಜಿ ತಮ್ಮ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದರು. "ಅಯ್ಯೋ, ಹೌದಲ್ಲ! ನನ್ ಮಣೆ ಎಲ್ಲೋಯ್ತು?"

ಇಂಚರ ಎದ್ದು ಓಡಿದಳು. ಒಡೆದ ಅಡುಗೆಮನೆಯಲ್ಲಿ ಇರ್ಫಾನ್ ಜತೆ ಸೇರಿ ಇಟ್ಟಿಗೆ ಚೂರು, ಟಾರ್ಪಾಲು ಸರಿಸಿದಾಗ, ಹಳೆಯ ಕಟ್ಟೆಯಿದ್ದ ಜಾಗದಲ್ಲೇ ಅದು ಸಿಕ್ಕಿತು. ದಪ್ಪನೆಯ ಹಲಸಿನ ಮಣೆ. ನಡುವೆ ಎರಡು ಪಾದದ ಗುರುತು, ನಯವಾಗಿ ತಗ್ಗಾಗಿತ್ತು. ಅದನ್ನು ತಂದು ತಾತನ ಮುಂದೆ ಇಟ್ಟಳು.

"ತಾತ, ಅಳೀರಿ."

ಕೆಂಪು ಚುಕ್ಕೆ ಮಣೆಯ ಮೇಲೆ ಬಿತ್ತು. ನಾಲ್ಕು ಇಂಚು.

ತಾತ ಮತ್ತೊಮ್ಮೆ ಅಳೆದರು. ನಾಲ್ಕೇ. ಅವರು ನೆಲದಿಂದ ಮೊಣಕೈವರೆಗೆ ಒಂದು ಕೂದಲೂ ತಪ್ಪದಂತೆ ಅಳೆದಿದ್ದರು. ಅಜ್ಜಿ ನೆಲದ ಮೇಲೆ ನಿಂತಿರಲಿಲ್ಲ, ಅಷ್ಟೆ. ಮಣೆ ಹತ್ತಿ, ಮಣೆ ಇಳಿದು, ದಿನಕ್ಕೆ ನೂರು ಸಲ. ಮಂಡಿಯ ನೋವು ಅಲ್ಲಿಂದ ಬಂದಿತ್ತು. ಕೂಡುಕಾಳಿಗೆ ಯಾರೂ ಮಣೆಯ ವಿಷಯ ಹೇಳಿರಲಿಲ್ಲವಾದ್ದರಿಂದ ಅದು ಅಜ್ಜಿಯನ್ನು ಮಾತ್ರ ನೋಡಿತ್ತು.

"ಇದನ್ನ ತಂದಿದ್ದು ನಾನೇ ಅಲ್ವೇನೆ?" ತಾತನ ದನಿ ಸಣ್ಣದಾಗಿತ್ತು. "ಈ ಮನೆಗೆ ಬಂದ ದಿನ."

"ಹೂಂ. 'ತಾತ್ಕಾಲಿಕ ಕಣೆ ಚೈತ್ರ, ಮುಂದಿನ್ ತಿಂಗಳು ಕಟ್ಟೆನೇ ಇಳಿಸ್ತೀನಿ' ಅಂದ್ರಿ." ಅಜ್ಜಿ ಚಾಕು ಕೆಳಗಿಟ್ಟು, ಇಲ್ಲದ ಕೂಲಿಂಗ್ ಗ್ಲಾಸ್ ತೆಗೆದರು. "ನಲವತ್ ವರ್ಷ ಆಯ್ತು. ಡೇಟ್ ಕೊಟ್ಟು ಶೂಟಿಂಗಿಗೇ ಬರ್ದಿರೋ ಹೀರೋ ಕಣ್ರೀ ನೀವು!"

"ನೀನಾದ್ರೂ ಒಂದ್ ಮಾತು ನೆನಪಿಸ್ಬಾರ್ದಾ?"

"ನಂಗೂ ಮರ್ತೋಗಿತ್ತು. ಮಣೆ ನನ್ ಕಾಲೇ ಅನ್ಕೊಂಡಿದ್ದೆ."

ತಾತ ನಕ್ಷೆ ತರಿಸಿಕೊಂಡು, ಮೂವತ್ತಾರನ್ನು ಹೊಡೆದುಹಾಕಿ, ಪಕ್ಕದಲ್ಲಿ ಮೂವತ್ತೆರಡು ಎಂದು ಬರೆದು, ಸರ್ಕಾರಿ ಕಾಗದಕ್ಕೆ ಹಾಕುವಂತೆ ಕೆಳಗೆ ರುಜು ಹಾಕಿ ಇರ್ಫಾನ್ ಕೈಗೆ ಕೊಟ್ಟರು. ಇಂಚರ ತಾನು ಬರೆದ ಸಾಲನ್ನು ಅಳಿಸಿದಳು. ಕಟ್ಟೆ ನಿಟ್ಟುಸಿರು ಬಿಟ್ಟಂತೆ ಕೆಳಗಿಳಿಯಿತು.

"ಹಂಗಾದ್ರೆ ಆ ಎಣ್ಣೆ?" ಎಂದಳು ಇಂಚರ.

"ವಾಸ್ನೆ ಚೆನ್ನಾಗೈತೆ, ಇರ್ಲಿ ಬುಡು."

ಶನಿವಾರ ಬಂದ ಸಮಿತಿಯವರಿಗೆ ಇಂಚರ ನಾಲ್ಕು ಇಂಚಿನ ಕತೆಯನ್ನೂ, ತಾನು ಒಂದು ಸಂಜೆ ಕಟ್ಟೆ ಏರಿಸಿದ್ದನ್ನೂ ಮುಚ್ಚಿಡದೆ ಹೇಳಿದಳು. ಅವರು ಮಣೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ಮುದ್ದೆ ಬಸ್ಸಾರು ಉಂಡರು, ಪಾಸು ಮಾಡಿ ಹೋದರು.

ತಿಂಗಳ ನಂತರ ಹೊಸ ಅಡುಗೆಮನೆಯಲ್ಲಿ, ಮಿದುಳಿಲ್ಲದ ಮಾಮೂಲಿ ಒಲೆಯ ಮೇಲೆ, ಹಾಲು ಮೊದಲ ಸಲಕ್ಕೇ ಉಕ್ಕಿ ಕಲ್ಲಿನ ಮೇಲೆ ಹರಿಯಿತು. ಅಜ್ಜಿ ನೆಲದ ಮೇಲೆ ನಿಂತಿದ್ದರು. ಆರಡಿಯ ತಾತನಿಗೆ ಆ ಕಟ್ಟೆ ತೊಡೆಯ ಹತ್ತಿರ ಬರುತ್ತಿತ್ತು.

"ನಂಗೆ ಬಗ್ಗಕ್ಕಾಗಲ್ವಲ್ಲೇ ಇಲ್ಲಿ," ಎಂದರು.

"ಬಗ್ಗಿ ಅಂದೋರ್ಯಾರು? ನಿಮ್ ಸೀಟು ರಿಸರ್ವ್ ಆಗೈತೆ." ಅಜ್ಜಿ ಮೂಲೆಯಲ್ಲಿದ್ದ ಹಲಸಿನ ಮಣೆಯನ್ನು ಕಾಲಿನಿಂದಲೇ ಅವರತ್ತ ತಳ್ಳಿ, ಬೆಳ್ಳುಳ್ಳಿಯ ತಟ್ಟೆ ಕೈಗಿತ್ತರು. "ಕೂತ್ಕಂಡು ಸುಲೀರಿ. ತಾತ್ಕಾಲಿಕ ಅಷ್ಟೆ. ಒಂದ್ ನಲವತ್ ವರ್ಷ."

ಮೈಸೂರಿಗೆ ಹಿಂತಿರುಗಿದ ಇಂಚರ ವರದಿ ಮುಗಿಸಿದಳು. ಅದರ ಕೊನೆಗೆ ಸೇರಿಸಿದ ಎರಡು ಸಾಲನ್ನು ತೆಗೆದುಹಾಕಬೇಕೆಂದು ಮೇಲಿನವರು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ:

"ಈ ತಪ್ಪು ಕಂಡುಹಿಡಿಯಲು ಕೂಡುಕಾಳು ಬೇಕಾಗಿರಲಿಲ್ಲ. ಮಣೆ ಬಂದ 2021ರಲ್ಲೂ ಪ್ರತಿ ಮನೆಯಲ್ಲಿ ಅಳತೆ ಟೇಪು ಇತ್ತು, ಅಡುಗೆ ಮಾಡುವವರ ಕಾಲ ಬುಡದಲ್ಲಿ ಏನಿದೆ ಎಂದು ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು."