ಮಂಚಯ್ಯನ ರೇಸ್ ಸೈಕಲ್ಲು

"ಅದನ್ನ ಮುಟ್ಬ್ಯಾಡಿ ಸಾ!"

ಗುಂಡಯ್ಯ ಕೂಗುವ ಹೊತ್ತಿಗೆ ಸಂಪತ್ಕುಮಾರ ಗೋಣಿತಾಟನ್ನು ಎಳೆದಾಗಿತ್ತು. ಧೂಳು ಕವಿಯಿತು. ಧೂಳಿನ ಹಿಂದೆ ಷೆಡ್ಡಿನ ತೊಲೆಯಿಂದ ತಲೆಕೆಳಗಾಗಿ ನೇತುಬಿದ್ದಿದ್ದ ಸೈಕಲ್ಲೊಂದು ಕಾಣಿಸಿತು. ಕಪ್ಪು ಬಣ್ಣ, ಬೆರಳಷ್ಟು ಸಣ್ಣ ಕೊಳವೆಗಳು, ಬಗ್ಗಿದ ಹ್ಯಾಂಡಲ್. ಅಂಥ ಹದವಾದ ರೇಸ್ ಗಾಡಿಯನ್ನು ಅವನು ಮೈಸೂರಿನಲ್ಲೂ ನೋಡಿರಲಿಲ್ಲ.

ಹೊಳೆನರಸೀಪುರದಲ್ಲಿ ಹೇಮಾವತಿಯ ಕಡೆಗೆ ಇಳಿಯುವ ಓಣಿಯ ತುದಿಗೆ ಗುಂಡಯ್ಯನ ಷೆಡ್ಡು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಸೈಕಲ್ ರೇಸ್ ನಡೆದರೂ ಹುರಿಯಾಳುಗಳು ಮೊದಲು ಬರುತ್ತಿದ್ದದ್ದು ಇಲ್ಲಿಗೇ. ಗುಂಡಯ್ಯ ಅವರ ಕಾಲು, ತೋಳು, ಬೆನ್ನನ್ನು ದಾರದಲ್ಲಿ ಅಳೆದು, ಉಕ್ಕಿನ ಕೊಳವೆ ಕೊಯ್ದು, ಹಿತ್ತಾಳೆ ಕರಗಿಸಿ ಬೆಸೆದು, ಆಳಿಗೆ ತಕ್ಕ ಗಾಡಿ ಕಟ್ಟಿಕೊಡುತ್ತಿದ್ದ. ಸಂಪತ್ಕುಮಾರ ಬಂದದ್ದೂ ಅದಕ್ಕೇ. ವಿದ್ಯುತ್ ಇಲಾಖೆಯ ಇಂಜಿನಿಯರಾಗಿ ಹಾಸನಕ್ಕೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮೈಸೂರಿನಲ್ಲಿ ರೇಸ್ ಗೆದ್ದವನು. ಸಂಕ್ರಾಂತಿಗೆ ಹಾಸನದಿಂದ ಹೊಳೆನರಸೀಪುರಕ್ಕೆ ರೇಸ್ ಇದೆಯೆಂದು ಕೇಳಿದಾಗಿನಿಂದ ಅವನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಸಂಕ್ರಾಂತಿ ಹತ್ತಿರ ಬಂದಿತ್ತು. ಹೊಸ ಗಾಡಿ ಅಷ್ಟರಲ್ಲಿ ಆಗುವುದಿಲ್ಲವೆಂದು ಗುಂಡಯ್ಯ ಹೇಳಿಬಿಟ್ಟಿದ್ದ.

"ಇದನ್ನೇ ಕೊಡಿ ಮತ್ತೆ," ಎಂದ ಸಂಪತ್ಕುಮಾರ. ಸೀಟಿನ ಎತ್ತರಕ್ಕೆ ತನ್ನ ಕಾಲನ್ನು ಹೋಲಿಸಿ ನೋಡಿದ. "ನನಗೇ ಅಳತೆ ತೊಗೊಂಡು ಮಾಡಿದ ಹಾಗಿದೆಯಲ್ರೀ!"

ಗುಂಡಯ್ಯನ ಮುಖ ಬಿಳಿಚಿಕೊಂಡಿತು. ತಿದಿಯ ಮೇಲಿಂದ ಕೈ ತೆಗೆದ. ಇದ್ದಿಲು ಸದ್ದಿಲ್ಲದೆ ಕಪ್ಪಾಯಿತು.

"ಕಟ್ಟಾಯದ ಮಂಚಯ್ಯಂಗೆ ಅಂತ ಕಟ್ಟಿದ್ದು ಸಾ. ಅರಕಲಗೂಡು ರೇಸ್‌ನಾಗೆ ಎದೆ ಇಡ್ಕಂಡು ಬಿದ್ಬುಟ್ಟ. ಇಂದೆ ಬತ್ತಿದ್ದೋರು ಒಬ್ರೂ ನಿಲ್ಲಿಲ್ಲ. ಬಿದ್ದವನ ಪಕ್ಕದಾಗೇ ಗಾಡಿ ಒಡಕಂಡು ಓಗ್ಬುಟ್ರು. ಅವನ ತಾಯಿ ಮಾಟಗಾರನ್ನ ಕರ್ಕಂಬಂದು, ನನ್ ಕೈಲೇ ಈ ಕೊಳವೆ ಬಿಚ್ಚಿಸಿ, ಮಗನ ಸುಡುಗಾಡಿನ ಬೂದಿ, ಕೂದ್ಲು, ಇನ್ನೂ ಏನೇನೋ ಒಳಗಾಕ್ಸಿ ಬೆಸೆಸಿಬುಟ್ಲು. ಆವತ್ತಿಂದ ಈ ಗಾಡಿ ಯಾರನ್ನ ಇಂದಕ್ಕಾಕ್ತದೋ, ಅವರು ಮಂಚಯ್ಯ ಸತ್ತಂಗೇ ಸಾಯ್ತಾರೆ."

"ತುಳಿಯೋನಿಗೆ?"

"ತುಳಿಯೋನಿಗೆ ಏನೂ ಆಗಾಕಿಲ್ಲ. ಇಂದೆ ಬಿದ್ದೋರಿಗೆ."

ಸಂಪತ್ಕುಮಾರ ಗಟ್ಟಿಯಾಗಿ ನಕ್ಕ. "ಹಾಗಾದ್ರೆ ರೇಸ್‌ಗೆ ಇದಕ್ಕಿಂತ ಒಳ್ಳೇ ಗಾಡಿ ಎಲ್ಲಿ ಸಿಗತ್ತೆ? ನಾನು ಹಳ್ಳಿಹಳ್ಳಿಗೆ ದೀಪದ ಕಂಬ ನೆಡಿಸ್ತಾ ಇದೀನಿ, ನೀವಿನ್ನೂ ಮಾಟ ಅಂತ ಕೂತಿದೀರಿ. ಅಷ್ಟು ಭಯ ಇದ್ರೆ ಮುರಿದು ಹಾಕ್ಬೇಕಿತ್ತು."

"ಗರಗಸ ಇಟ್ಟೆ ಸಾ," ಎಂದ ಗುಂಡಯ್ಯ. ಅವನ ದನಿ ಇಳಿಯಿತು. "ಒಳಗಿಂದ ಕೆಮ್ತು."

ಬಾಗಿಲಲ್ಲಿ ನೆರಳು ಬಿತ್ತು. ಮುದುಕಿಯೊಬ್ಬಳು ಚೌಕಟ್ಟು ಹಿಡಿದು ನಿಂತಿದ್ದಳು. ಮಾಸಿದ ಸೀರೆ, ಎಣ್ಣೆ ಕಾಣದ ತಲೆ. ಅವಳ ಕಣ್ಣು ಸಂಪತ್ಕುಮಾರನ ಮುಖ ನೋಡಲಿಲ್ಲ, ಅವನ ಕಾಲುಗಳನ್ನು ನೋಡುತ್ತಿತ್ತು. ಸಂತೆಯಲ್ಲಿ ಎತ್ತಿನ ಕಾಲು ನೋಡುವ ಹಾಗೆ.

"ಕೊಡು ಗುಂಡಯ್ಯ," ಎಂದಳು. "ತುಳಿಯೋ ಕಾಲು ಅವು."

"ಬೆಟ್ಟಮ್ಮ, ಬ್ಯಾಡ. ಸಾಕು ಮಾಡು."

"ಎಂಗೆ ಸಾಕು ಮಾಡ್ಲಿ? ಚನ್ನರಾಯಪಟ್ಟಣದ ಲಕ್ಕಯ್ಯ ಇನ್ನೂ ಉಸಿರಾಡ್ತಾವನೆ. ನನ್ ಮಗ ನೀರು, ನೀರು ಅಂತಿದ್ದ. ಆ ಲಕ್ಕಯ್ಯನ ಸೊಂಟದಾಗೆ ಸೀಸೆ ಇತ್ತು. ತಿರುಗಿ ನೋಡ್ಕಂಡೇ ಓದ."

"ಮಾಟಕ್ಕೆ ಲಕ್ಕಯ್ಯ ಯಾರು, ಬೇರೇರು ಯಾರು ಅಂತ ಗೊತ್ತಾಗಾಕಿಲ್ಲ ಕಣಮ್ಮ!"

"ನನ್ ಮಗ ಬಿದ್ದಿದ್ದು ಯಾರಿಗೆ ಗೊತ್ತಾಯ್ತು?"

ಅವಳೇ ಬಂದು ಹಗ್ಗದ ಗಂಟು ಬಿಚ್ಚಿದಳು. ಗಾಡಿ ನೆಲಕ್ಕೆ ಇಳಿಯಿತು. ಇಳಿದಾಗ ಕೊಳವೆಯೊಳಗೆ ಏನೋ ಸಣ್ಣದು ಉರುಳಿತು. ಸುಟ್ಟ ಕೂದಲಿನ ವಾಸನೆ ಸಂಪತ್ಕುಮಾರನ ಮೂಗಿಗೆ ಬಡಿಯಿತು. ಅವನು ಕರ್ಚೀಫಿನಿಂದ ಮೂಗು ಒರೆಸಿಕೊಂಡು, "ನಿಮ್ಮ ಮಗನ ಹೆಸರಲ್ಲೇ ಗೆದ್ದು ಬರ್ತೀನಿ ಅಜ್ಜಿ," ಎಂದು ತಮಾಷೆ ಮಾಡಿ ಸೈಕಲ್ಲೇರಿದ. ಬೆಟ್ಟಮ್ಮ ನಗಲಿಲ್ಲ. ಓಣಿ ತಿರುಗುವವರೆಗೂ ಅವಳ ನೋಟ ಬೆನ್ನಿಗೆ ಅಂಟಿಕೊಂಡಿತ್ತು.

ಆ ಗಾಡಿಗೆ ಫ್ರೀವೀಲ್ ಇರಲಿಲ್ಲ. ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತಲೇ ಇರಬೇಕು. ಪಾದ ಜಾರದಂತೆ ಪೆಡಲಿಗೆ ಚರ್ಮದ ಪಟ್ಟಿ. ಹಾಸನದ ರಸ್ತೆಗೆ ಬಿದ್ದದ್ದೇ ಅದು ಹಾರಿತು. ಏರು ಬಂದರೂ ಎದೆ ಏದಲಿಲ್ಲ. ಸಂಜೆಯ ಹೊತ್ತಿಗೆ ಹಾಸನದ ಹತ್ತಿರ ಸಾಲು ಮರಗಳ ನೆರಳು ದಟ್ಟವಾಗಿತ್ತು. ಮುಂದೆ ವೀಳ್ಯದೆಲೆಯ ಪಿಂಡಿ ಹೇರಿಕೊಂಡ ಮುದುಕನೊಬ್ಬ ಸೈಕಲ್ಲಿನಲ್ಲಿ ಮೆಲ್ಲಗೆ ಹೋಗುತ್ತಿದ್ದ. ಸಂಪತ್ಕುಮಾರ ಅವನನ್ನು ದಾಟಿದ.

ದಾಟಿದ ಕ್ಷಣ ಅವನ ಮಂಡಿಗಳ ನಡುವಿನಿಂದ, ಕೊಳವೆಯ ಒಳಗಿನಿಂದ, ಯಾರೋ ದೀರ್ಘವಾಗಿ ಉಸಿರು ಎಳೆದುಕೊಂಡ ಸದ್ದಾಯಿತು. ಹಿಂದೆ ಸೈಕಲ್ಲು ಬಿದ್ದ ಸದ್ದೂ ಕೇಳಿತು. ಅವನು ತಿರುಗಿ ನೋಡಲಿಲ್ಲ. ಗಾಳಿ, ಎಂದುಕೊಂಡ.

ಮಾರನೆಯ ದಿನ ತಮ್ಮ ವಸಂತ ಸುದ್ದಿ ತಂದ. ಅವನು ಹಾಸನದ ಕಾಲೇಜಿನಲ್ಲಿ ಓದುತ್ತ ಅಣ್ಣನ ಜೊತೆಯಲ್ಲೇ ಇದ್ದ.

"ಎಲೆ ಮಾರೋ ಮುದುಕ ಒಬ್ಬ ರಸ್ತೇಲೇ ಹೋಗ್ಬಿಟ್ಟನಂತೆ ಅಣ್ಣ. ಮುಖ ಎಲ್ಲ ನೀಲಿಯಂತೆ. ನೀನು ಬಂದ ದಾರೀಲೇ."

ಸಂಪತ್ಕುಮಾರನ ಕೈಯಲ್ಲಿದ್ದ ಕಾಫಿ ಲೋಟ ಒಂದು ಗಳಿಗೆ ತಡೆಯಿತು. "ವಯಸ್ಸಾಗಿತ್ತು. ಎದೆ ನಿಂತಿರತ್ತೆ," ಎಂದು ಕುಡಿದು ಮುಗಿಸಿದ. ಆಮೇಲೆ ಗಾಡಿಯ ಚೈನಿಗೆ ಎಣ್ಣೆ ಬಿಡಲು ಕೂತ. ಎಣ್ಣೆ ಚೈನಿನ ಬದಲು ನೆಲಕ್ಕೆ ಸುರಿಯಿತು. ಅದನ್ನು ಕಂಡು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಿನ ಭರದಲ್ಲೇ, "ನೀನೂ ರೇಸ್‌ಗೆ ಹೆಸರು ಕೊಡೋ. ನಿನ್ನ ಸಾದಾ ಸೈಕಲ್ಲಾದ್ರೇನು, ಸಾದಾ ಸೈಕಲ್ಲಿನೋರನ್ನ ಮೊದಲೇ ಬಿಡ್ತಾರೆ," ಎಂದ. ವಸಂತ ಕುಣಿದಾಡಿಬಿಟ್ಟ.

ಸಂಕ್ರಾಂತಿಯ ಬೆಳಿಗ್ಗೆ ಹಾಸನ ಮಂಜಿನಲ್ಲಿ ಮುಳುಗಿತ್ತು. ಮರಗಳ ತಲೆ ಕಾಣುತ್ತಿರಲಿಲ್ಲ. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕುದಿಯುವ ವಾಸನೆ ಮಂಜಿನ ಜೊತೆ ಬೆರೆತು ಗಂಟಲಿಗೆ ಅಂಟುತ್ತಿತ್ತು. ಸಾದಾ ಸೈಕಲ್ಲಿನವರನ್ನು ಮುಂಚಿತವಾಗಿ ಬಿಟ್ಟರು. ವಸಂತ ಅಣ್ಣನತ್ತ ಕೈ ಬೀಸಿ ಮಂಜಿನಲ್ಲಿ ಕರಗಿದ. ಆಮೇಲೆ ರೇಸ್ ಗಾಡಿಯವರು ಸಾಲಾಗಿ ನಿಂತರು.

ಪಕ್ಕದಲ್ಲಿ ನಿಂತ ದಪ್ಪ ತೊಡೆಯ ಆಳು ಸಂಪತ್ಕುಮಾರನ ಗಾಡಿ ನೋಡಿ ಬಾಯಿ ತೆರೆದ.

"ಇದೆಲ್ಲಿ ಸಿಕ್ತು ಸಾ ನಿಮಗೆ?"

"ಗುಂಡಯ್ಯನ ಹತ್ರ. ನೀವು?"

"ಲಕ್ಕಯ್ಯ. ಪಟ್ಟಣದೋನು." ಅವನ ಹಣೆಯ ಮೇಲೆ ಆ ಚಳಿಯಲ್ಲೂ ಬೆವರು ಒಡೆಯಿತು. "ಇಳೀರಿ ಸಾ. ನಿಮ್ಮ ಕಾಲಿಗೆ ಬೀಳ್ತೀನಿ, ಇಳೀರಿ."

"ಸೋಲೋ ಭಯ ಇದ್ರೆ ನೀವೇ ಇಳೀರಿ," ಎಂದ ಸಂಪತ್ಕುಮಾರ. ಸುತ್ತಲಿನವರು ನಕ್ಕರು. ಲಕ್ಕಯ್ಯನ ಮುಖ ಕೆಂಪಾಯಿತು. ಅಷ್ಟು ಜನರ ಎದುರು ಇಳಿಯಲು ಅವನಿಂದಾಗಲಿಲ್ಲ. ಸೀಟಿಯಾದದ್ದೇ ಅವನು ಪ್ರಾಣ ಹಿಡಿದು ಓಡುವವನಂತೆ ತುಳಿದ.

ಊರು ಹಿಂದಾಯಿತು. ಮಂಜು ದಟ್ಟವಾಯಿತು. ಸಂಪತ್ಕುಮಾರ ಮೊದಲಿಂದಲೇ ಮುಂದಿದ್ದ, ಎದುರಿಗಿದ್ದವನು ಲಕ್ಕಯ್ಯನೊಬ್ಬನೇ. ಅವನು ಮತ್ತೆ ಮತ್ತೆ ಹಿಂತಿರುಗಿ ನೋಡುತ್ತಿದ್ದ. ಅವನ ಕಣ್ಣಿನ ಬಿಳಿ ಕಾಣುವಷ್ಟು ಹತ್ತಿರವಾಯಿತು.

"ಬ್ಯಾಡ ಮಂಚಯ್ಯ! ಅವತ್ತು ನಿಲ್ಬೇಕಿತ್ತು... ತಪ್ಪಾಯ್ತು ಕಣೋ, ನಿಲ್ಬೇಕಿತ್ತು..."

ಅವನು ಮಾತಾಡುತ್ತಿದ್ದದ್ದು ಸಂಪತ್ಕುಮಾರನ ಜೊತೆಯಲ್ಲ. ಅವನ ಕಣ್ಣು ಸಂಪತ್ಕುಮಾರನ ಭುಜದ ಹಿಂದೆ, ಯಾರೂ ಕೂರಲು ಜಾಗವೇ ಇಲ್ಲದ ಕಡೆ ನೆಟ್ಟಿತ್ತು. ಸಂಪತ್ಕುಮಾರನ ಕತ್ತಿಗೆ ತಣ್ಣನೆಯ ಉಸಿರು ತಾಗಿತು. ಸುಟ್ಟ ಕೂದಲಿನ ನಾತ. ಕಾಲುಗಳು ತಾವಾಗಿ ಬಿರುಸಾದವು. ದಾಟಿದ.

ಕೊಳವೆ ಉಸಿರೆಳೆಯಿತು.

ಈ ಸಲ ತಿರುಗಿ ನೋಡಿದ. ಲಕ್ಕಯ್ಯ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಬಿದ್ದ. ನೀಲಿ ತುಟಿ ನೀರಿಗೆ ಬಾಯಿ ತೆರೆದಂತೆ ಒಮ್ಮೆ ತೆರೆಯಿತು. ಮಂಜು ಅವನನ್ನು ಮುಚ್ಚಿಕೊಂಡಿತು.

ಸಂಪತ್ಕುಮಾರ ಬ್ರೇಕ್ ಒತ್ತಿದ. ತಂತಿ ಪಟ್ಟನೆ ಕಿತ್ತುಬಂತು. ಪೆಡಲನ್ನು ತಡೆಯಲು ನೋಡಿದ. ಪೆಡಲು ಅವನ ಕಾಲನ್ನೇ ಎತ್ತಿ ತಿರುಗಿಸಿತು. ಪಟ್ಟಿ ಬಿಚ್ಚಲು ಬಗ್ಗಿದ. ಒದ್ದೆ ಚರ್ಮ ಬಿಗಿದುಕೊಂಡಿತ್ತು. ಇಳಿಜಾರು ಶುರುವಾಯಿತು.

ಮುಂದೆ ಯಾರೋ. ಕೋಟು ತೊಟ್ಟು, ಸಾದಾ ಸೈಕಲ್ಲಿನಲ್ಲಿ ಹಾಡು ಗುನುಗುತ್ತ ಹೋಗುತ್ತಿದ್ದವನು.

"ಪಕ್ಕಕ್ಕೆ ಹೋಗಿ! ರಸ್ತೆ ಬಿಟ್ಟು ಗದ್ದೆಗೆ ಇಳೀರಿ!"

ಆ ಮನುಷ್ಯ ನಗುತ್ತ ದಾರಿ ಬಿಟ್ಟ. ಗಾಡಿ ದಾಟಿತು. ಉಸಿರೆಳೆಯಿತು. ಹಾಡು ಅರ್ಧಕ್ಕೆ ನಿಂತಿತು.

ಸಂಪತ್ಕುಮಾರ ಅಳುತ್ತಿದ್ದ. ತಾನು ಅಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ತೊಡೆಗಳು ಮರದ ಕೊರಡಿನಂತೆ ಏಳುತ್ತ ಬೀಳುತ್ತ ಇದ್ದವು. ಬೆನ್ನ ಮೇಲೆ ಕೂತಿದ್ದ ಯಾವುದೋ ಭಾರ ಮುಂದಕ್ಕೆ ಬಾಗಿತು. ಕಿವಿಯ ಹತ್ತಿರ ಗೊರಗೊರ ಸದ್ದು. ಯಾರೋ ನೀರು ಕೇಳುತ್ತಿದ್ದರು.

ಆಗ ಮಂಜಿನಲ್ಲಿ ಹಳದಿ ಸ್ವೆಟರ್ ಕಾಣಿಸಿತು.

ವಸಂತ.

ಎಲ್ಲ ಶಕ್ತಿ ಹಾಕಿ ತುಳಿಯುತ್ತಿದ್ದ. ಅಣ್ಣನ ಗಾಡಿಯ ಸದ್ದು ಗುರುತಿಸಿ ಹಿಂತಿರುಗಿದ. ಮುಖದ ತುಂಬ ನಗು. "ಬಾ ಅಣ್ಣ, ಬಾ! ನೋಡೋಣ ದಾಟು!"

ಹತ್ತಿರ. ಇನ್ನೂ ಹತ್ತಿರ. ಮುಂದಿನ ಚಕ್ರ ವಸಂತನ ಹಿಂದಿನ ಚಕ್ರದ ಪಕ್ಕಕ್ಕೆ ಬಂತು. ಕೊಳವೆ ಬಾಯಿ ತೆರೆದ ಹಾಗೆ ನಡುಗಿತು. ಎಡಕ್ಕೆ ಮೋರಿಯ ಕಲ್ಲುಕಟ್ಟೆ.

ಸಂಪತ್ಕುಮಾರ ಹ್ಯಾಂಡಲನ್ನು ಎಡಕ್ಕೆ ಎಳೆದ.

ಕಲ್ಲು. ಆಕಾಶ. ಮತ್ತೆ ಕಲ್ಲು.

ಕಣ್ಣು ತೆರೆದಾಗ ಅವನು ರಸ್ತೆಯ ಅಂಚಿನಲ್ಲಿ ಅಂಗಾತ ಬಿದ್ದಿದ್ದ. ಪೆಡಲಿನ ಪಟ್ಟಿ ಹರಿದಿತ್ತು. ಒಂದು ಕಾಲು ಮಂಡಿಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ದವಡೆ ಒಡೆದು ಬಾಯಿ ತುಂಬ ರಕ್ತ. ಆದರೂ ಎದೆಯೊಳಗೆ ಒಂದು ಹಗುರ ಹುಟ್ಟಿತು, ಏಕೆಂದರೆ ವಸಂತ ಅವನ ಮೇಲೆ ಬಗ್ಗಿ ಅಳುತ್ತಿದ್ದ. ಕೆಂಪಗಿದ್ದ. ಉಸಿರಾಡುತ್ತಿದ್ದ.

"ಅಣ್ಣ! ಅಣ್ಣ, ನೋಡು ಇಲ್ಲಿ!" ವಸಂತ ಸ್ವೆಟರ್ ಬಿಚ್ಚಿ ಅವನ ತಲೆಯ ಕೆಳಗಿಟ್ಟ. ಸೊಂಟದ ಸೀಸೆ ತೆಗೆದು ತುಟಿಗೆ ನೀರು ಹನಿಸಿದ. ರಸ್ತೆಯ ಹಿಂದುಮುಂದು ನೋಡಿದ. ಎತ್ತಿನ ಗಾಡಿಯಿಲ್ಲ, ಬಸ್ಸಿಲ್ಲ. "ಹೊಳೆನರಸೀಪುರದಲ್ಲಿ ಡಾಕ್ಟರ್ ಇದಾರೆ. ಕಾರಲ್ಲಿ ಕರ್ಕೊಂಡು ಬರ್ತೀನಿ. ನೀನು ಹೀಗೇ ಮಲಗಿರು."

ಎದ್ದು ತನ್ನ ಸೈಕಲ್ಲಿನತ್ತ ಓಡಿದ. ಅದರ ಮೇಲೆ ಕೈಯಿಟ್ಟವನು ತಡೆದು ನಿಂತ. ತಲೆ ತಿರುಗಿಸಿದ.

ಮೋರಿಯ ಹಿಂದೆ, ಸಂಪತ್ಕುಮಾರ ಬಂದ ದಾರಿಯಲ್ಲಿ, ಕಪ್ಪು ಗಾಡಿ ಕಲ್ಲಿಗೆ ಒರಗಿ ನಿಂತಿತ್ತು. ಯಾರೋ ಜೋಪಾನವಾಗಿ ನಿಲ್ಲಿಸಿಟ್ಟ ಹಾಗೆ. ಚಕ್ರದ ಒಂದು ಕಡ್ಡಿಯೂ ಬಾಗಿರಲಿಲ್ಲ. ಒಂದು ಗೀರೂ ಬಿದ್ದಿರಲಿಲ್ಲ.

"ನಿನ್ನ ಗಾಡಿ ಜೋರಾಗಿ ಹೋಗತ್ತೆ," ಎಂದ ವಸಂತ. "ಬೇಗ ತಲುಪ್ತೀನಿ."

ಬೇಡ, ಎಂದು ಸಂಪತ್ಕುಮಾರ ಕೂಗಿದ. ಹೊರಬಂದದ್ದು ರಕ್ತದ ಗುಳ್ಳೆ. ಕೈಯೆತ್ತಿದ. ಕೈ ಅರ್ಧಕ್ಕೆ ಏರಿ ಬಿತ್ತು.

"ಮಾತಾಡ್ಬೇಡ ಅಣ್ಣ, ಸುಸ್ತಾಗತ್ತೆ. ಈಗ ಬಂದ್ಬಿಡ್ತೀನಿ."

ಗಾಡಿ ಹತ್ಬೇಡ, ತಳ್ಕೊಂಡು ಬಾ. ನನ್ನನ್ನ ದಾಟಬೇಡ. ಮಾತುಗಳೆಲ್ಲ ಗಂಟಲಲ್ಲೇ ಗೊರಗುಟ್ಟಿದವು. ಮೊಣಕೈ ಊರಿ ರಸ್ತೆಯ ಮುಂದಕ್ಕೆ ತೆವಳಲು ನೋಡಿದ. ಒಂದು ಗೇಣು. ಇನ್ನೊಂದು ಗೇಣು. ಮುರಿದ ಕಾಲು ಎಳೆದ ಮರದಂತೆ ಹಿಂದುಳಿಯಿತು. ಬೆನ್ನ ಹಿಂದೆ ವಸಂತ ಸೀಟಿಗೆ ಹಾರಿದ್ದು ಕೇಳಿಸಿತು. ಚೈನು ಬಿಗಿಯಾಯಿತು. ತೆಳು ಚಕ್ರಗಳು ಮರಳಿನ ಮೇಲೆ ಸರಸರ ಉರುಳಿದವು. ಹತ್ತಿರವಾದವು. ತಲೆಯ ಪಕ್ಕಕ್ಕೆ ಬಂದವು. ಅಣ್ಣನಿಗೆ ತಾಗದಿರಲೆಂದು ವಸಂತ ಗಾಡಿಯನ್ನು ಜೋಪಾನವಾಗಿ ಒಂದು ಮೊಳ ಆಚೆ ಸರಿಸಿದ.

ದಾಟಿದ.

ಸಂಪತ್ಕುಮಾರನ ಎದೆಯೊಳಗಿನ ಗಾಳಿ ಯಾರೋ ಹುರಿ ಹಿಡಿದೆಳೆದಂತೆ ಹೊರಗೆ ಹೋಯಿತು. ಒಳಗೆ ಬರಲಿಲ್ಲ. ಬಾಯಿ ತೆರೆದ. ಬರಲಿಲ್ಲ. ಮಂಜು ಕಪ್ಪಾಗುತ್ತ ಬಂತು. ಆ ಕಪ್ಪಿನಲ್ಲಿ ತಮ್ಮನ ಬೆನ್ನು ಕಂಡಿತು. ಆ ಬೆನ್ನಿಗೆ ಅಂಟಿಕೊಂಡು, ಕತ್ತಿಗೆ ಬಾಯಿಟ್ಟು ಕೂತಿದ್ದ ಇನ್ನೊಂದು ಬೆನ್ನೂ ಕಂಡಿತು.

ಮುಂದೆ ಎಲ್ಲೋ ಮಂಜಿನಲ್ಲಿ ಸಾದಾ ಸೈಕಲ್ಲುಗಳ ಗಂಟೆಗಳು ಟ್ರಿಣ್ ಟ್ರಿಣ್ ಎನ್ನುತ್ತಿದ್ದವು. ವಸಂತ ಅವರತ್ತ ಕೂಗುತ್ತ ಹೋಗುತ್ತಿದ್ದ.

"ದಾರಿ ಬಿಡಿ! ನಮ್ಮಣ್ಣ ಬಿದ್ದಿದಾನೆ, ದಾರಿ ಬಿಡಿ!"

ಒಬ್ಬೊಬ್ಬರಾಗಿ ಎಲ್ಲರೂ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟರು.