ಮೂಲೆಯಿಲ್ಲದ ರಾಣಿ

ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ನಾನು ದರ್ಜಿ, ಇಸ್ಪೀಟ್ ಎಲೆಗಳ ಚಮತ್ಕಾರ ನನ್ನ ಹುಚ್ಚು. ಹಾಸಿಗೆ ಹಿಡಿದಿದ್ದ ಅಕ್ಕನನ್ನು ನಗಿಸಬೇಕೆಂದು ಐದೇ ಎಲೆಗಳ ಒಂದು ಆಟ ಆರಿಸಿಕೊಂಡೆ. ಎರಡು ಎಲೆ ಒತ್ತಿ ಹಿಡಿದು ಒಂದೇ ಎನ್ನುವಂತೆ ಜಾರಿಸಿ, ಐದನ್ನು ನಾಲ್ಕೆಂದು ಎಣಿಸಬೇಕು. ಹಾಗೆ ಬಚ್ಚಿಡುವ ಎಲೆ ಆಟೀನ್ ರಾಣಿ. ಒಮ್ಮೆ ಬಟ್ಟೆಯ ಜೊತೆ ಕತ್ತರಿಗೆ ಸಿಕ್ಕಿ ಅದರ ಮೂಲೆ ಹಾರಿಹೋಗಿತ್ತು. ಆ ಚೂರನ್ನು ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದೆ.

ಮಧ್ಯಾಹ್ನ ಅವಳ ಮಂಚದ ಅಂಚಿನಲ್ಲಿ ಕೂತು ಎಲೆಗಳನ್ನು ನಾಲ್ಕೆಂದು ಎಣಿಸಿದೆ. ಎಲೆ ಜಾರಿದ ಸದ್ದು ಮಾತ್ರ ಐದು ಸಲ ಕೇಳಿತು. ಮತ್ತೆ ಎಣಿಸಿದೆ, ಮತ್ತೆ ಐದು. ಅಕ್ಕನ ಕೀಟಲೆಯೇ ಇರಬೇಕೆಂದು ನೋಡಿದರೆ ಅವಳ ಕೈಗಳೆರಡೂ ಹೊದಿಕೆಯ ಮೇಲೆ ಸುಮ್ಮನಿದ್ದವು.

"ಬೆಳಗ್ಗೆ ನೀನು ಇನ್ನೂ ಚೆನ್ನಾಗಿ ಮಾಡಿದ್ದೆ ಕಣೋ," ಎಂದಳು.

"ನಾನು ಬಂದಿದ್ದೇ ಈಗ. ಭಾವನ ಜೊತೆ ಸೇರ್ಕೊಂಡು ನನ್ನನ್ನ ಆಟ ಆಡಿಸ್ತಿದ್ದೀಯಾ?"

"ನಿನ್ ಭಾವ ಊರಲ್ಲೇ ಇಲ್ವಲ್ಲೋ. ನೀನೇ ಬಂದಿದ್ದೆ, ಇದೇ ಶರ್ಟಲ್ಲಿ. ಕೈ ಮಾತ್ರ ಐಸ್ ಇದ್ದಂಗಿತ್ತು. ಇಟ್ಕೋ ಅಂತ ಇದನ್ನ ಕೊಟ್ಟು ಹೋದೆ."

ದಿಂಬಿನಡಿಯಿಂದ ಅವಳು ತೆಗೆದದ್ದು ಮೂಲೆಯಿಲ್ಲದ ಆಟೀನ್ ರಾಣಿ. ನನ್ನ ರಾಣಿ ನನ್ನ ಕೈಯಲ್ಲೇ ಇತ್ತು.

ಅಕ್ಕ ಈಗ ಹುಷಾರಾಗಿದ್ದಾಳೆ. ಅವಳೇ ಏನೋ ಮಸಲತ್ತು ಮಾಡಿದಳೆಂದು ನಂಬಲು ಇವತ್ತಿಗೂ ನೋಡುತ್ತೇನೆ. ಆದರೆ ಗುಂಡಿ ಡಬ್ಬಿಯಲ್ಲಿರುವ ಚೂರು ಒಂದೇ. ಅದು ಎರಡು ರಾಣಿಗಳಿಗೂ ಕೂದಲೆಳೆಯಷ್ಟೂ ಸಂದು ಬಿಡದೆ ಕೂಡಿಕೊಳ್ಳುತ್ತದೆ.