ಕೆಂಚನ ಸೋಫಾಗೊಂದು ಕವರ್

"ಅಳತೆ ಬ್ಲೌಸ್ ತಂದಿದ್ದೀರಾ?"

ಮಿಷನ್ನಿನಿಂದ ತಲೆ ಎತ್ತದೆಯೇ ಕೇಳಿದಳು ಧನಶ್ರೀ. ಕೋಲಾರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿದ್ದ ಅವಳ ಲೇಡೀಸ್ ಟೈಲರ್ ಅಂಗಡಿಯಲ್ಲಿ ಮದುವೆ ಸೀಸನ್ ಬಂತೆಂದರೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ.

"ಬ್ಲೌಸ್ ಇಲ್ಲ... ಚೀಟಿಲಿ ಬರ್ಕೊಂಡು ಬಂದಿದೀನಿ."

ಗಂಡಸಿನ ದನಿ! ಅವಳು ತಲೆ ಎತ್ತಿದಳು. ಬಾಗಿಲಾಚೆ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂಬಂತೆ ಒಬ್ಬ ನಿಂತಿದ್ದ. ಮೂವತ್ತು ದಾಟಿರಬಹುದು. ತೋಳು ಮಡಚಿದ ಶರ್ಟು, ಕೈಯಲ್ಲಿ ನಾಲ್ಕಾಗಿ ಮಡಿಸಿದ ಚೀಟಿ.

"ಸರಿ, ಓದಿ."

"ಉದ್ದ ಮೂರಡಿ. ಅಗಲ ಎರಡೂಕಾಲಡಿ. ಎತ್ತರ ಹತ್ತಿಂಚು..."

ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ರೀ, ಯಾರಿಗ್ರೀ ಇದು?"

"ಕೆಂಚನಿಗೆ. ನಮ್ಮನೆ ನಾಯಿ. ಅವನಿಗೊಂದು ಸೋಫಾ ಮಾಡಿದೀನಿ. ಅದಕ್ಕೆ ಕವರ್ ಹೊಲೀಬೇಕಿತ್ತು..."

ಬೆಂಚು ಪೂರ್ತಿ ಗೊಳ್ಳೆಂದು ನಕ್ಕಿತು. ಧನಶ್ರೀಯ ಕಿವಿ ಬಿಸಿಯಾಯಿತು. ಹನ್ನೊಂದು ವರ್ಷ ಕಷ್ಟಪಟ್ಟು ಹೆಸರು ಮಾಡಿದ ಅಂಗಡಿ ಇದು... ತಮಾಷೆ ಮಾಡೋಕೆ ಬಂದಿದ್ದಾನಾ?

"ಇಲ್ಲಿ ಹೆಂಗಸರ ಬಟ್ಟೆ ಹೊಲಿಯೋದು. ನಾಯಿಗೆ, ಬೆಕ್ಕಿಗೆಲ್ಲ ಅಲ್ಲ. ಬೋರ್ಡ್ ಓದೋಕೆ ಬರಲ್ವಾ? ಹೋಗ್ರೀ!"

ಅವನು ಹೋಗಲಿಲ್ಲ. ಸಿಟ್ಟೂ ಆಗಲಿಲ್ಲ. ಚೀಟಿಯನ್ನು ಮತ್ತೆ ಮಡಿಸುತ್ತಾ ಮೆಲ್ಲಗೆ ಹೇಳಿದ.

"ನಾಕು ಕಡೆ ಕೇಳ್ಬಿಟ್ಟು ಬಂದೆ ಮೇಡಂ. ಎಲ್ಲಾ ಟೈಲರ್‌ಗಳೂ ನಕ್ಕರು. ನೀವೊಬ್ರೇ ಬೈದಿದ್ದು... ನಗಲಿಲ್ಲ. ಅದಕ್ಕೇ ಇನ್ನೊಂದ್ಸಲ ಕೇಳೋಣ ಅನ್ನಿಸ್ತು."

ಮೂಲೆಯಲ್ಲಿ ಹುಕ್ಸ್ ಹಾಕುತ್ತಿದ್ದ ತಾಯಿ ಶಾಮಲಮ್ಮ ಕನ್ನಡಕ ಸರಿಪಡಿಸಿಕೊಂಡು, "ಕೂತ್ಕೊಳ್ಳಪ್ಪ, ಏನ್ ಸಮಾಚಾರ ಹೇಳು," ಎಂದರು.

ಹೆಸರು ಕಾಂತರಾಜ್. ಊರು ವಕ್ಕಲೇರಿ. ಅಲ್ಲಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಕೆಂಚ ಅವನ ಅಪ್ಪನ ಜೊತೆ ಹದಿಮೂರು ವರ್ಷ ಓಡಾಡಿದ ನಾಯಿ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಈಗ ಕೆಂಚನ ಹಿಂಗಾಲುಗಳಿಗೆ ಶಕ್ತಿ ಇಲ್ಲ. ಬರೀ ನೆಲದ ಮೇಲೆ ಮಲಗಿ ಮಲಗಿ ಸೊಂಟದ ಹತ್ತಿರ ಗಾಯ.

"ಅಪ್ಪನ ಮಂಚ ಇತ್ತು, ಬೇವಿನ ಮರದ್ದು. ಅಪ್ಪ ಇದ್ದಾಗ ಕೆಂಚ ಅದರ ಕೆಳಗೇ ಮಲಗ್ತಿದ್ದಿದ್ದು. ಅದನ್ನೇ ಕೊಯ್ದು, ಗಿಡ್ಡ ಕಾಲಿಟ್ಟು, ಒರಗಿಕೊಳ್ಳೋಕೆ ಮೂರು ಕಡೆ ಹಲಗೆ ಹೊಡೆದೆ. ಒಳಗೆ ಹಳೇ ಫೋಮ್. ಅವನಿಗೇನೋ ಇಷ್ಟ ಆಯ್ತು. ಆದ್ರೆ ವಯಸ್ಸಾಗಿದೆಯಲ್ಲ... ಆಗಾಗ ಅಲ್ಲೇ ಒದ್ದೆ ಮಾಡ್ಕೊಂಬಿಡ್ತಾನೆ. ಫೋಮ್ ಒಗೆದ್ರೆ ಒಣಗೋಕೆ ಎರಡು ದಿನ. ಅಲ್ಲೀವರೆಗೂ ಮತ್ತೆ ನೆಲ."

ಬೆಂಚಿನ ಮೇಲೆ ಈಗ ಯಾರೂ ನಗುತ್ತಿರಲಿಲ್ಲ.

ಧನಶ್ರೀ ಕೈ ಚಾಚಿ ಚೀಟಿ ತೆಗೆದುಕೊಂಡಳು. ಹಿಂಭಾಗದಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ತನಗೆ ತಾನೇ ಹೇಳಿಕೊಳ್ಳುವಂತೆ ಮಾತಾಡಿದಳು.

"ಫೋಮ್‌ಗೆ ಮೊದಲು ಮಕ್ಕಳ ಕೆಳಗೆ ಹಾಸ್ತಾರಲ್ಲ, ಆ ರಬ್ಬರ್ ಶೀಟಿಂದು ಒಂದು ಚೀಲ. ಅದರ ಮೇಲೆ ದಪ್ಪ ಕಾಟನ್ ಕವರ್. ಹಿಂದುಗಡೆ ಉದ್ದಕ್ಕೂ ಜಿಪ್. ಒದ್ದೆ ಆದ್ರೆ ಮೇಲಿಂದು ಮಾತ್ರ ಬಿಚ್ಚಿ ಒಗೀರಿ, ಒಳಗಿನ್ದು ಒರೆಸಿದ್ರೆ ಸಾಕು. ಭಾನುವಾರ ಬನ್ನಿ."

ಅವನ ಮುಖ ಅರಳಿದ್ದನ್ನು ಅವಳು ನೋಡಿದಳು... ನೋಡಿಯೂ ನೋಡದವಳಂತೆ ಮಿಷನ್ ತುಳಿದಳು.

ಶನಿವಾರ, ಆ ವಾರದ ಇಪ್ಪತ್ತಾರು ಬ್ಲೌಸ್ ಮುಗಿಸಿ, ಅವಸರ ಅವಸರವಾಗಿ ಅದನ್ನು ಹೊಲಿದಳು. ಬೂದು ಬಣ್ಣದ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ. ಭಾನುವಾರ ಬಂದ ಕಾಂತರಾಜ್ ಅದನ್ನು ಹೊಸ ಸೀರೆ ಹಿಡಿಯುವಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಹತ್ತು ದಿನದ ಮೇಲೆ ಮತ್ತೆ ಬಂದ.

"ಹೇಗಿದೆ ಕವರ್?" ಬೇಡವೆಂದರೂ ದನಿಯಲ್ಲಿ ಆಸೆ ಇಣುಕಿತು.

"ತುಂಬಾ ಚೆನ್ನಾಗಿದೆ. ಅಳೆದು ಇಟ್ಟಂಗೆ ಕೂತಿದೆ. ಒಂದು ಒಗೆದಾಗ ಹಾಕೋಕೆ ಇನ್ನೊಂದು ಬೇಕಿತ್ತು. ಈ ಸಲ... ಒಂದು ಮೂರಿಂಚು ಜಾಸ್ತಿ ಇಡಿ."

"ಯಾಕೆ?"

"ಕೆಂಚ ಸ್ವಲ್ಪ ದಪ್ಪ ಆಗಿದಾನೆ."

"ನಾಯಿ ದಪ್ಪ ಆದ್ರೆ ಸೋಫಾ ಯಾಕ್ರೀ ದೊಡ್ಡದಾಗುತ್ತೆ?" ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ಆದರೆ ಕಣ್ಣು ತಪ್ಪಿಸಿದ.

ಆಮೇಲೆ ಅವನು ಬರುತ್ತಲೇ ಇದ್ದ. ಒಮ್ಮೆ ಜಿಪ್ಪಿನ ತುದಿ ಬಿಟ್ಟಿದೆ ಎಂದು. ಒಮ್ಮೆ ದಪ್ಪ ದಾರ ಬೇಕು ಎಂದು. ಒಮ್ಮೆ ಶಾಮಲಮ್ಮನಿಗೆ ಗಿಣ್ಣಿನ ಹಾಲು ತಂದೆ ಎಂದು. ಬಾಗಿಲಾಚೆ ನಿಲ್ಲುತ್ತಿದ್ದವನು ಈಗ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಅವನು ಬರದ ದಿನ ಧನಶ್ರೀ ಮೂರು ಸಲ ಸೂಜಿ ಮುರಿದಳು!

ಅಪ್ಪನ ಮಂಚ ಕೊಯ್ದಿದ್ದಕ್ಕೆ ತನ್ನ ಅಮ್ಮ ಎರಡು ದಿನ ಮಾತು ಬಿಟ್ಟಿದ್ದನ್ನು ಅವನು ಹೇಳಿದ. ಮೂರನೆಯ ದಿನ ಅಪ್ಪನ ಕಂಬಳಿಯನ್ನು ತಾನೇ ತಂದು ಕೆಂಚನಿಗೆ ಹೊದಿಸಿದಳಂತೆ. ಕೇಳುತ್ತಾ ಕೇಳುತ್ತಾ ಧನಶ್ರೀಯ ಕಣ್ಣು ತುಂಬಿತು. ಯಾರಿಗೂ ಹೇಳದ ತನ್ನ ಮಾತನ್ನು ಅವಳೂ ಹೇಳಿದಳು.

"ಮಾಲೂರಿನ ಹುಡುಗನ ಜೊತೆ ನನಗೆ ನಿಶ್ಚಿತಾರ್ಥ ಆಗಿತ್ತು. ಎಂಟು ತಿಂಗಳು, ಫೋನ್ ಮಾಡಿದಾಗೆಲ್ಲಾ 'ಎಲ್ಲಾ ಚೆನ್ನಾಗಿದೆ, ಎಲ್ಲಾ ಸರಿಯಾಗಿದೆ' ಅಂತಿದ್ದ. ಒಂದಿನ ಗಿರಾಕಿಯೊಬ್ರು ಮೊಬೈಲ್ ತೋರಿಸಿ 'ಈ ಫೋಟೋದಲ್ಲಿರೋ ಬ್ಲೌಸ್ ಥರ ಬೇಕು' ಅಂದ್ರು. ಮದುವೆ ಫೋಟೋ. ಹುಡುಗಿ ಪಕ್ಕ ನಿಂತಿದ್ದವನು ಅವನೇ..."

ಅವಳು ಕೈಯಲ್ಲಿದ್ದ ದಾರ ಕಡಿದಳು.

"ಬೈದ್ರೂ ತಡ್ಕೋತೀನಿ. ಸುಳ್ಳು ಮಾತ್ರ ನನ್ನ ಕೈಲಿ ಆಗಲ್ಲ ಕಾಂತರಾಜ್ ಅವ್ರೇ."

ಅವನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ... ಅಷ್ಟರಲ್ಲಿ ವಕ್ಕಲೇರಿ ಬಸ್ಸಿನ ಹಾರನ್ ಕೇಳಿಸಿತು. ಸಂಜೆ ಹಾಲಿನ ಹೊತ್ತು. ಎದ್ದು ಓಡಿದ.

ಮುಂದಿನ ಭಾನುವಾರ ಧನಶ್ರೀ ಒಂದು ನಿರ್ಧಾರ ಮಾಡಿದಳು. ಉಳಿದಿದ್ದ ತುಂಡು ಬಟ್ಟೆಗಳನ್ನು ಸೇರಿಸಿ ಕೆಂಚನಿಗೊಂದು ದಿಂಬು ಹೊಲಿದು, ಯಾರಿಗೂ ಹೇಳದೆ ವಕ್ಕಲೇರಿ ಬಸ್ ಹತ್ತಿದಳು. ಕವರ್ ಹೇಗೆ ಕೂತಿದೆ ಎಂದು ಕಣ್ಣಾರೆ ನೋಡಬೇಕು... ಅಷ್ಟೇ! ಹಾಗೆಂದು ತನಗೆ ತಾನೇ ದಾರಿಯುದ್ದಕ್ಕೂ ಹೇಳಿಕೊಂಡಳು.

ಡೈರಿ ಸೆಕ್ರೆಟರಿ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ಬಾಗಿಲಿಗೆ ಬಂದದ್ದು ಕಾಂತರಾಜನ ತಾಯಿ ಆಂಜಿನಮ್ಮ.

"ಏಮಮ್ಮಾ, ನೀನೇನಾ ಟೈಲರ್ ಹುಡುಗಿ? ಬಾ ತಾಯಿ, ಬಾ! ದಿನಾ ನಿನ್ನ ಜಪ ಕಣಮ್ಮ ಈ ಮನೇಲಿ."

ನಡುಮನೆಯಲ್ಲಿ, ಸೋಫಾದ ಮೇಲೆ, ಮುದಿ ಕೆಂಚ ಗದ್ದವನ್ನು ಒರಗು ಹಲಗೆಯ ಮೇಲಿಟ್ಟು ಮಲಗಿದ್ದ. ಅವಳನ್ನು ಕಂಡು ಬಾಲವನ್ನು ಎರಡು ಸಲ ಬಡಿದ. ಅವನ ಕೆಳಗಿದ್ದದ್ದು ಬೂದು ಬಣ್ಣದ ಮೊದಲನೆಯ ಕವರ್. ಧನಶ್ರೀಯ ಕಾಲು ಅಲ್ಲೇ ನಿಂತುಬಿಟ್ಟಿತು.

ಕವರ್ ಮುದುಡಿಹೋಗಿತ್ತು. ಜಿಪ್ ಅರ್ಧಕ್ಕೇ ನಿಂತಿತ್ತು. ಎರಡು ಮೂಲೆ ಬಾಯಿ ಬಿಟ್ಟಿದ್ದವು. ಅದಕ್ಕೆ ಯಾರೋ ಗೋಣಿದಾರದಲ್ಲಿ ವಕ್ರವಕ್ರವಾಗಿ ಹೊಲಿಗೆ ಹಾಕಿದ್ದರು.

"ಒಂದೇ ಸಲ ಒಗೆದಿದ್ದಕ್ಕೆ ಹಿಂಗೆ ಕುಗ್ಗೋಯ್ತು ಕಣಮ್ಮ," ಆಂಜಿನಮ್ಮ ಮುಗ್ಧವಾಗಿ ಹೇಳಿದರು. "ಹೋಗಿ ಹೇಳೋ ಅಂದೆ. 'ಪಾಪ ಅಷ್ಟು ಆಸೆಯಿಂದ ಹೊಲಿದವ್ಳೆ, ಬೇಜಾರ್ ಮಾಡ್ಕೋತಾಳೆ' ಅಂದ್ಬಿಟ್ಟು ತಾನೇ ಕೂತ್ಕೊಂಡು ತ್ಯಾಪೆ ಹಾಕ್ದ."

*ಬಟ್ಟೆ ನೆನೆಸಿರಲಿಲ್ಲ!* ಧನಶ್ರೀಗೆ ಥಟ್ಟನೆ ಹೊಳೆಯಿತು. ಕಾಟನ್ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಬೇಕು. ಹೊಲಿಗೆ ಕಲಿಯುವವರಿಗೆ ಅವಳೇ ಮೊದಲ ದಿನ ಹೇಳಿಕೊಡುವ ಪಾಠ ಅದು. ಅವಸರದಲ್ಲಿ ಮರೆತಿದ್ದಳು. ತಪ್ಪು ಅವಳದೇ. ಆದರೆ... ಅಳೆದು ಇಟ್ಟಂಗೆ ಕೂತಿದೆ ಎಂದಿದ್ದನಲ್ಲ!

ದಿಂಬನ್ನು ಕೆಂಚನ ಪಕ್ಕದಲ್ಲಿಟ್ಟು, "ಬರ್ತೀನಮ್ಮ," ಎಂದು ಹೊರಬಿದ್ದಳು. ಬಸ್ ನಿಲ್ದಾಣದ ಹತ್ತಿರ ಕಾಂತರಾಜ್ ಎದುರಾದ. ಅವಳನ್ನು ಕಂಡು ಅರಳಿದ ಮುಖ, ಅವಳ ಕಣ್ಣು ಕಂಡು ಬಾಡಿತು.

"ಮನೆಗೆ ಹೋಗಿದ್ರಾ..."

"ಚೆನ್ನಾಗಿದೆ ಅಂದ್ರಲ್ಲ?"

"ಧನಶ್ರೀ, ಅದು ಸಣ್ಣ ವಿಷಯ... ನಿಮಗೆ ನೋವಾಗಬಾರದು ಅಂತ..."

"ಸಣ್ಣದೇ! ಎಲ್ಲಾ ಸುಳ್ಳೂ ಸಣ್ಣದಾಗೇ ಶುರುವಾಗೋದು. ನಾಳೆ ನೀವು ಏನೇ ಒಳ್ಳೆ ಮಾತಾಡಿದ್ರೂ, ಇದು ನಿಜಾನೋ ಸಮಾಧಾನಕ್ಕೆ ಹೇಳಿದ್ದೋ ಅಂತ ನಾನು ಯೋಚಿಸ್ತಾ ಕೂರಬೇಕಾ? ಒಂದ್ಸಲ ಹಾಗೆ ಕೂತಿದೀನಿ. ಸಾಕು."

ಬಸ್ ಬಂತು. ಅವಳು ಹಿಂದಿರುಗಿ ನೋಡಲಿಲ್ಲ. ಕಿಟಕಿಯ ಪಕ್ಕ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು... ಮತ್ತೆ ಮತ್ತೆ ಒರೆಸಿಕೊಂಡಳು.

ನಾಲ್ಕು ದಿನ ಧನಶ್ರೀ ತಲೆ ಎತ್ತದೆ ಮಿಷನ್ ತುಳಿದಳು.

"ಆ ಮಾಲೂರಿನವನು ತನಗೋಸ್ಕರ ಸುಳ್ಳು ಹೇಳ್ದ ಕಣೇ," ಐದನೆಯ ದಿನ ಶಾಮಲಮ್ಮ ಹೇಳಿದರು. "ಈ ಹುಡುಗ ನಿನಗೋಸ್ಕರ ಹೇಳ್ದ."

"ನನಗೋಸ್ಕರ ಅಂದ್ರೂ ಸುಳ್ಳು ಸುಳ್ಳೇ ಅಲ್ವೇನಮ್ಮ?"

"ಹೌದು. ಅದಕ್ಕೇ ಹೇಳ್ತಿದೀನಿ. ಅವನನ್ನ ಬಿಟ್ಬಿಡು ಅಂತಾನೂ ಅಲ್ಲ, ಕ್ಷಮಿಸಿಬಿಡು ಅಂತಾನೂ ಅಲ್ಲ. ನಿಜ ಹೇಳೋಕೆ ಬರುತ್ತಾ ಅವನಿಗೆ, ಅಷ್ಟು ನೋಡು."

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

ಕಾಂತರಾಜ್ ಒಳಗೆ ಬಂದ. ಬೆಂಚಿನ ತುಂಬ ಗಿರಾಕಿಗಳಿದ್ದರು. ಅವನು ಆ ಕಡೆ ನೋಡಲಿಲ್ಲ. ಕೈಚೀಲದಿಂದ ಕುಗ್ಗಿದ ಕವರನ್ನು ತೆಗೆದು ಅವಳ ಮುಂದಿನ ಮೇಜಿನ ಮೇಲೆ ಹರಡಿದ.

"ಇದು ಚೆನ್ನಾಗಿಲ್ಲ." ಮೂಲೆಯ ತ್ಯಾಪೆಯ ಮೇಲೆ ಬೆರಳಿಟ್ಟ. "ಉದ್ದದಲ್ಲಿ ಎರಡೂವರೆ ಇಂಚು ಕಮ್ಮಿ ಆಯ್ತು. ಜಿಪ್ ಮುಚ್ಚಲ್ಲ. ಎರಡು ಮೂಲೆ ಹರೀತು. ಎರಡನೇ ಕವರೂ ಪೂರ್ತಿ ಸರಿ ಇಲ್ಲ. ಅಗಲದಲ್ಲಿ ಸಡಿಲ ಜಾಸ್ತಿ, ಕೆಂಚನ ಉಗುರು ಅದಕ್ಕೆ ಸಿಕ್ಕಾಕ್ಕೊಳ್ಳುತ್ತೆ. ನೀವು ಕೇಳ್ದಾಗ್ಲೇ ಹೇಳ್ಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು."

ತನ್ನ ಕೆಲಸದಲ್ಲಿ ಇಷ್ಟು ತಪ್ಪು, ಅದೂ ಗಿರಾಕಿಗಳ ಎದುರು! ಧನಶ್ರೀಗೆ ಅವಮಾನ ಆಗಬೇಕಿತ್ತು. ಆದರೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು.

"ಮುಗೀತಾ?"

"ಇಲ್ಲ. ಜಿಪ್ಪಿನ ತುದಿ ಬಿಟ್ಟಿರಲಿಲ್ಲ. ದಾರಾನೂ ಬೇಕಿರಲಿಲ್ಲ. ಮನೇಲಿ ದಾರದ ಉಂಡೆ ಆರಿದೆ..." ಅವನು ತಲೆ ತಗ್ಗಿಸಿದ. "ನಿಮ್ಮನ್ನ ನೋಡೋಕೆ ಬರ್ತಿದ್ದೆ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಶಾಮಲಮ್ಮ ತುಟಿ ಬಿಗಿಹಿಡಿದು ಹುಕ್ಸ್ ಡಬ್ಬಿಯನ್ನು ತಡಕಾಡಿದರು.

ಧನಶ್ರೀ ಮುದುಡಿದ ಕವರನ್ನು ಕೈಯಲ್ಲಿ ಸವರಿದಳು.

"ನಾನು ಬಟ್ಟೆ ನೆನೆಸದೆ ಹೊಲಿದೆ. ಅದು ನನ್ನ ತಪ್ಪು," ಎಲ್ಲರಿಗೂ ಕೇಳುವಂತೆ ಹೇಳಿದಳು. "ಹೊಸದು ಹೊಲೀತೀನಿ. ಚೀಟಿ ಅಳತೆ ಬೇಡ. ನಾನೇ ಬಂದು ಅಳೀತೀನಿ."

ಆ ಸಂಜೆ ಅವಳು ಬಟ್ಟೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟಳು. ಮರುದಿನ ತಾರಸಿಯ ಮೇಲೆ ಒಣಗಿಸಿ, ಇಸ್ತ್ರಿ ಮಾಡಿದಳು. ಭಾನುವಾರ ವಕ್ಕಲೇರಿಯ ನಡುಮನೆಯಲ್ಲಿ ಮಂಡಿಯೂರಿ ಕೂತು ಅಳೆದಳು. ಕೆಂಚ ಟೇಪನ್ನು ಮೂಸಿದ, ಅವಳ ಮೊಣಕೈ ನೆಕ್ಕಿದ. ವರ್ಷಗಳಿಂದ ಮೂಲೆ ಸೇರಿದ್ದ ಆಂಜಿನಮ್ಮನ ಹಳೆಯ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಅಲ್ಲಿಯೇ ಹೊಲಿದಳು. ಜಿಪ್ ಬದಲು ಅಗಲವಾದ ಮಡಿಕೆ ಇಟ್ಟು, ಕೆಳಗಿನಿಂದ ಕಟ್ಟಲು ಲಾಡಿ ಹಾಕಿದಳು. ಉಗುರು ಸಿಕ್ಕಿಕೊಳ್ಳುವ ಹಾಗಿಲ್ಲ.

ಕವರ್ ಹೊದ್ದ ಸೋಫಾದ ಮೇಲೆ ಕಾಂತರಾಜ್ ಕೆಂಚನನ್ನು ಎತ್ತಿ ಮಲಗಿಸಿದ. ಮುದಿ ನಾಯಿ ಒಂದು ಸುತ್ತು ತಿರುಗಲು ನೋಡಿತು, ಆಗದೆ ಹಾಗೇ ಕುಸಿದು, ದೊಡ್ಡದೊಂದು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು.

ಆಂಜಿನಮ್ಮ ಏನೋ ನೆಪ ಹೇಳಿ ಅಡುಗೆಮನೆಗೆ ಹೋದರು. ಇಬ್ಬರೂ ಸೋಫಾದ ಎರಡು ಬದಿ, ನೆಲದ ಮೇಲೆ ಕೂತಿದ್ದರು. ಕಿಟಕಿಯಿಂದ ಸಂಜೆ ಬಿಸಿಲು ಒಳಗೆ ಬಿದ್ದಿತ್ತು.

"ಧನಶ್ರೀ... ನನ್ನನ್ನ ಮದುವೆ ಆಗ್ತೀರಾ?"

ಅವಳು ಕತ್ತರಿಯನ್ನು ಚೀಲಕ್ಕೆ ಹಾಕುತ್ತಾ ಹೇಳಿದಳು.

"ಅಂಗಡಿ ಬಿಡಲ್ಲ ನಾನು."

"ಬಿಡಬೇಡಿ. ಬೆಳಗ್ಗೆ ಒಂಬತ್ತಕ್ಕೆ ಬಸ್ಸಿದೆ."

"ಅಮ್ಮ ಒಬ್ಬಳೇ ಆಗ್ತಾಳೆ."

"ನಮ್ಮಮ್ಮಂಗೂ ಜೊತೆ ಬೇಕು. ಇಬ್ರೂ ಸೇರಿದ್ರೆ ನಮ್ಮ ಗತಿ ಏನಾಗುತ್ತೋ ಅದೊಂದೇ ಭಯ."

ಅವಳಿಗೆ ನಗು ಬಂತು. "ನೀವು ಹೇಳಿ, ನಿಮ್ಮ ಕಡೆ ಏನು ತೊಂದರೆ ಇದೆ? ನಿಜ ಹೇಳ್ಬೇಕು."

ಅವನು ಗಂಭೀರವಾಗಿ ಯೋಚಿಸಿದ. "ಡೈರಿಗೆ ಹೋಗೋಕೆ ಬೆಳಗಿನ ಜಾವ ನಾಲ್ಕೂವರೆಗೇ ಏಳ್ತೀನಿ. ಪಾತ್ರೆ ಸದ್ದು ಮಾಡ್ತೀನಿ. ಅಮ್ಮ ದಿನಾ ಬೈತಾಳೆ."

"ನಾನು ಆರಕ್ಕೆ ಮುಂಚೆ ಏಳಲ್ಲ."

"ಏಳಬೇಡಿ. ಕಾಫಿ ಮಾಡಿ ಫ್ಲಾಸ್ಕಲ್ಲಿ ಹಾಕಿಟ್ಟು ಹೋಗ್ತೀನಿ."

ಧನಶ್ರೀ ಮಲಗಿದ್ದ ಕೆಂಚನ ಬೆನ್ನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಸಕ್ಕರೆ ಕಮ್ಮಿ ಹಾಕು, ಕಾಂತ..."